ಹೂಬಿಟ್ಟ ಬ್ರೊಮೆಲಿಯಾಡ್ ಗಿಡವನ್ನು ಕಿತ್ತೆಸೆಯದಿರಿ

ಈಚಿನ ವರ್ಷಗಳಲ್ಲಿ ನಮ್ಮ ಪಡಸಾಲೆಗಳನ್ನು ಅಲಂಕರಿಸುತ್ತಿರುವ ಗಿಡಗಳಲ್ಲಿ ಬ್ರೊಮೆಲಿಯಾಡ್ ಒಂದು. ಗುಜ್ಮೇನಿಯಾ, ಏಕ್ಮಿಯಾ ಎಂಬವು ಇದರ ಜನಪ್ರಿಯ ಬಗೆಗಳು. ಹೂವೆಂದು ನಾವು ಭಾವಿಸುವ ಕೆಂಪು, ಗುಲಾಬಿ ದಳಗಳು ವಾಸ್ತವವಾಗಿ ಬಣ್ಣ ತಳೆದ ಎಲೆಗಳು. ನಿಜವಾದ ಪುಟ್ಟ ಹೂಗಳು ಅವುಗಳ ಸಂದಿಯಲ್ಲಿ ಅರಳುತ್ತವೆ. ಈ ಶೋಭೆ ಕೆಲವು ತಿಂಗಳು ಉಳಿದು, ಬಳಿಕ ಗಿಡವು ನಿಧಾನವಾಗಿ ಸೊರಗುತ್ತದೆ. ಆಗ ಗೃಹಿಣಿಯರು ತಮ್ಮ ಆರೈಕೆಯಲ್ಲಿ ಲೋಪವಾಯಿತೆಂದು ಮರುಗಿ ಅದನ್ನು ಕಿತ್ತೆಸೆಯುವುದುಂಟು. ಅದು ಲೋಪವಲ್ಲ, ಗಿಡದ ಸಹಜ ಧರ್ಮ. ಗೊನೆಹಾಕಿದ ಬಾಳೆಯಂತೆ, ಇದರ ಒಂದೊಂದು ಗಿಡವೂ ಸಾಮಾನ್ಯವಾಗಿ ಒಮ್ಮೆ ಮಾತ್ರ ಹೂಬಿಟ್ಟು, ಬುಡದಲ್ಲಿ ಕಂದುಗಳನ್ನು ಇರಿಸಿ ಮರೆಯಾಗುತ್ತದೆ.

ಸ್ವೀಡನ್ ದೇಶದ ಸಸ್ಯಶಾಸ್ತ್ರಜ್ಞ ಒಲೋಫ್ ಬ್ರೊಮೆಲಿಯಸ್ (1639–1705) ಅವರ ಹೆಸರನ್ನು ಹೊತ್ತ ಈ ಕುಟುಂಬದಲ್ಲಿ 3,000ಕ್ಕೂ ಹೆಚ್ಚು ಪ್ರಭೇದಗಳಿವೆ. ಪಶ್ಚಿಮ ಆಫ್ರಿಕದ ಒಂದನ್ನು ಬಿಟ್ಟರೆ ಉಳಿದೆಲ್ಲವುಗಳ ತವರು ಅಮೆರಿಕ ಖಂಡಗಳು. ನಮಗೆ ಚಿರಪರಿಚಿತವಾದ ಅನಾನಸು ಸಹ ಇದೇ ಕುಟುಂಬದ್ದು. ಇವುಗಳಲ್ಲಿ ಅನೇಕವು ಕಾಡಿನ ಮರಗಳ ಮೇಲೆ ಬೆಳೆಯುತ್ತವೆ. ಆದರೆ ಬದನಿಕೆಯಂತೆ ಮರದ ಸಾರವನ್ನು ಹೀರುವುದಿಲ್ಲ. ಬೇರು ಮುಖ್ಯವಾಗಿ ಆಧಾರಕ್ಕೆ. ನೀರನ್ನು ಹೀರುವ ಕೆಲಸ ಬಹುಮಟ್ಟಿಗೆ ಎಲೆಗಳದು.

ಆರೈಕೆಯ ಕ್ರಮವೂ ಇದನ್ನೇ ಅನುಸರಿಸಬೇಕು. ಬೆಳಕು ಧಾರಾಳವಾಗಿರಲಿ, ಮಧ್ಯಾಹ್ನದ ಬಿರುಬಿಸಿಲು ಬೇಡ. ಕುಂಡಕ್ಕೆ ತೆಂಗಿನ ಸಿಪ್ಪೆಯ ಚೂರು, ಇದ್ದಿಲ ತುಂಡು ಬೆರೆಸಿದ ಹಗುರ ಮಿಶ್ರಣ ಸಾಕು. ಅದರಲ್ಲಿ ನೀರು ನಿಂತರೆ ಬುಡ ಕೊಳೆಯುತ್ತದೆ. ಎಲೆಗಳ ನಡುವಣ ಬಟ್ಟಲಿಗೆ ಸ್ವಲ್ಪ ನೀರೆರೆಯಬೇಕು. ಗಡಸಾದ ಕೊಳವೆಬಾವಿಯ ನೀರು ಎಲೆಯ ಮೇಲೆ ಬಿಳಿಯ ಉಪ್ಪನ್ನು ಉಳಿಸುವುದರಿಂದ ಮಳೆನೀರೇ ಶ್ರೇಷ್ಠ. ತಾಮ್ರವು ಈ ಗಿಡಕ್ಕೆ ವಿಷಪ್ರಾಯ. ಆದುದರಿಂದ ಮೈಲುತುತ್ತ ಬೆರೆಸಿದ ಬೋರ್ಡೊ ದ್ರಾವಣವನ್ನು ಸಿಂಪಡಿಸಲಾಗದು.

ಒಂದು ಎಚ್ಚರಿಕೆಯನ್ನು ಮಾತ್ರ ಯಾರೂ ಮರೆಯಬಾರದು. ಬಟ್ಟಲಲ್ಲಿ ನಿಂತ ನೀರಿನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡಬಹುದು. ಮೊಟ್ಟೆಯೊಡೆದು ಸೊಳ್ಳೆಯಾಗಿ ಹಾರಲು ಸುಮಾರು ಏಳರಿಂದ ಹತ್ತು ದಿನ ಸಾಕು. ಆದುದರಿಂದ ವಾರ ತುಂಬುವ ಮೊದಲೇ, ಮೂರು ನಾಲ್ಕು ದಿನಗಳಿಗೊಮ್ಮೆ, ಕುಂಡವನ್ನು ವಾಲಿಸಿ ಹಳೆಯ ನೀರನ್ನು ಚೆಲ್ಲಿ, ಬಟ್ಟಲನ್ನು ತೊಳೆದು ಹೊಸ ನೀರು ಎರೆಯಬೇಕು. ಮಕ್ಕಳೂ ವೃದ್ಧರೂ ಇರುವ ಮನೆಯಲ್ಲಿ ಇದನ್ನು ನಿಯಮವಾಗಿಯೇ ಪಾಲಿಸುವುದು ಯೋಗ್ಯ.

ಹೂವು ಬಾಡಿದ ಮೇಲೆ ಅದರ ದಂಟನ್ನು ಕತ್ತರಿಸಿ, ತಾಯಿಗಿಡವನ್ನು ಹಾಗೆಯೇ ಬಿಡಬೇಕು. ಕಂದುಗಳಿಗೆ ಆಹಾರ ಒದಗುವುದು ಅದರಿಂದಲೇ. ಕಂದು ತಾಯಿಯ ಮೂರನೆಯ ಒಂದು ಭಾಗದಿಂದ ಅರ್ಧದಷ್ಟು ಎತ್ತರ ಬೆಳೆದಾಗ, ಶುಚಿಯಾದ ಚಾಕುವಿನಿಂದ ಬೇರ್ಪಡಿಸಿ ಬೇರೆ ಕುಂಡದಲ್ಲಿ ನೆಡಬಹುದು. ಅದು ಹೂಬಿಡಲು ಎರಡು ಮೂರು ವರ್ಷಗಳಾದರೂ ಬೇಕಾದೀತು. ಅಷ್ಟು ಕಾಲ ಕಾಯಬಲ್ಲ ಮನೆಯವರಿಗೆ ಒಮ್ಮೆ ತಂದ ಗಿಡವೇ ಸಾಕು. ಒಂದು ಕಂದು ನೆರೆಮನೆಗೂ ಉಳಿದೀತು.