ಕ್ರಿಸ್‌ಮಸ್ ಬಿಸ್ಕತ್ತಿಗೆ ನಾಗಪುರದ ಕಿತ್ತಳೆ: ನಮ್ಮ ಅಡುಗೆಮನೆಯಲ್ಲೇ ತಯಾರಾಗಲಿ

ಡಿಸೆಂಬರ್ ಬಂತೆಂದರೆ ನಾಗಪುರದ ಹೋಟೆಲಿಗರಿಗೆ ಕೈತುಂಬ ಕೆಲಸ. 1953ರ ನಾಗಪುರ ಒಪ್ಪಂದದ ಮೇರೆಗೆ ಮಹಾರಾಷ್ಟ್ರ ವಿಧಾನಮಂಡಲದ ಒಂದು ಅಧಿವೇಶನ ಇಲ್ಲಿ ಸೇರುತ್ತದೆ. ಹೆಚ್ಚಿನ ವರ್ಷಗಳಲ್ಲಿ ಅದು ಚಳಿಗಾಲದ ಅಧಿವೇಶನವೇ. ಆ ದಿನಗಳಲ್ಲಿ ಇಡ್ಲಿ ಪಾತ್ರೆ ಒಲೆಯಿಂದ ಕೆಳಗಿಳಿಯುವುದಿಲ್ಲ. ಅಧಿವೇಶನಕ್ಕೆ ಬಂದವರು ಮರಳಿ ಹೊರಟರೆಂದರೆ ಗಲ್ಲಾಪೆಟ್ಟಿಗೆಯ ಸದ್ದು ತಗ್ಗುತ್ತದೆ. ಕ್ರಿಸ್‌ಮಸ್ ವಾರ ಬರುವುದು ಸುಮಾರಾಗಿ ಆ ಹೊತ್ತಿಗೇ. ಸದರ್, ಮೋಹನ್ ನಗರ, ಕಾಮ್ಠಿ ಕಡೆಯ ಮನೆಗಳಲ್ಲಿ ತಿಂಡಿ ಮಾಡುವ, ಕೊಳ್ಳುವ, ಹಂಚುವ ಸಂಭ್ರಮ. ಈಗೀಗ ಎಲ್ಲ ಮತದವರೂ ಆ ವಾರ ಕೇಕು, ಬಿಸ್ಕತ್ತು ಕೊಳ್ಳುತ್ತಾರೆ. ಅವರಿಗೆ ಕೊಡಲು ನಮ್ಮ ಕೌಂಟರಿನಲ್ಲಿ ಏನಿದೆ?

ಕೆಲವು ಕೌಂಟರುಗಳಲ್ಲಿ ಇರುವುದು ಸಗಟು ಅಂಗಡಿಯಿಂದ ತಂದ ಡಬ್ಬಿ, ಅದರ ಮೇಲೆ ಹೋಟೆಲಿನ ಹೆಸರಿನ ಚೀಟಿ. ಈ ಪದ್ಧತಿ ನಮಗೆ ಸರಿ ಕಾಣುವುದಿಲ್ಲ. ಸಾಂಬಾರು ಪುಡಿಯನ್ನೂ ಮನೆಯಲ್ಲೇ ಹುರಿದು ಮಾಡುತ್ತೇವೆಂದು ಹೇಳಿಕೊಳ್ಳುವ ನಾವು, ಹಬ್ಬದ ತಿಂಡಿಯನ್ನು ಮಾತ್ರ ಯಾರೋ ಮಾಡಿದ್ದನ್ನು ನಮ್ಮ ಹೆಸರಿನಲ್ಲಿ ಮಾರುವುದು ಯಾವ ನ್ಯಾಯ? ಮಾಡುವುದಾದರೆ ಒಂದೇ ತಿಂಡಿ ಮಾಡೋಣ, ನಾವೇ ಮಾಡೋಣ. ಆ ಒಂದು ತಿಂಡಿ ಜಾಮ್ ತುಂಬಿದ ಜೋಡಿ ಬಿಸ್ಕತ್ತು ಆಗಲಿ ಎಂಬುದು ನಮ್ಮ ಸಲಹೆ.

ನಾನ್‌ಖಟಾಯಿ ಬಲ್ಲವರಿಗೆ ಹೊಸದಲ್ಲ

ಈ ಬಿಸ್ಕತ್ತಿನ ತವರು ಯೂರೋಪು. ಆಸ್ಟ್ರಿಯಾದ ಲಿಂಜ್ ಪಟ್ಟಣದ ಹೆಸರಿನ ಜಾಮ್ ಕಡುಬಿನಂಥ ಕೇಕು, ಲಿಂಜರ್ ಟೋರ್ಟೆ, 1653ರ ಹಸ್ತಪ್ರತಿಯೊಂದರಲ್ಲೇ ದಾಖಲಾಗಿದೆ. ಅದೇ ಬಳಗದ್ದು ಈ ಬಿಸ್ಕತ್ತು. ಕೆಳಗಿನ ಬಿಲ್ಲೆ ಇಡಿಯಾಗಿರುತ್ತದೆ, ಮೇಲಿನದಕ್ಕೆ ತೂತು, ತೂತಿನಿಂದ ಕೆಂಪು ಜಾಮ್ ಇಣುಕುತ್ತದೆ. ಆಸ್ಟ್ರಿಯದವರು ಅದನ್ನು 'ಲಿಂಜ್ ಕಣ್ಣು' ಎನ್ನುತ್ತಾರೆ. ನಮ್ಮ ಕರಾವಳಿಯ ಕ್ರೈಸ್ತರ ಕುಸ್ವಾರ್ ತಟ್ಟೆಯಲ್ಲಿ ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ, ಜೊತೆಗೆ ಚಕ್ಕುಲಿ, ಲಾಡುಗಳಿರುತ್ತವೆ. ಇದು ಆ ತಟ್ಟೆಯದಲ್ಲ. ಆದ್ದರಿಂದ 'ಮಂಗಳೂರಿನ ಸಾಂಪ್ರದಾಯಿಕ' ಎಂದು ಬೋರ್ಡು ಬರೆಯುವುದು ಬೇಡ. ಇದ್ದುದನ್ನು ಇದ್ದಂತೆ ಹೇಳಿದರೂ ಗಿರಾಕಿ ಕೊಳ್ಳುತ್ತಾನೆ.

ತವರು ಎಲ್ಲಿಯದಾದರೂ ಕೆಲಸ ನಮಗೆ ಅಪರಿಚಿತವಲ್ಲ. ತುಪ್ಪ, ಸಕ್ಕರೆ, ಮೈದಾ ಕೂಡಿಸಿ ನಾನ್‌ಖಟಾಯಿ ಮಾಡುವ ಕೈ ಇದನ್ನೂ ಮಾಡಬಲ್ಲದು. 1 ಕಿಲೋ ಮೈದಾಕ್ಕೆ 700 ಗ್ರಾಂ ಬೆಣ್ಣೆ, 350 ಗ್ರಾಂ ಪುಡಿಸಕ್ಕರೆ, 300 ಗ್ರಾಂ ಬಾದಾಮಿ ಅಥವಾ ಗೋಡಂಬಿ ಪುಡಿ, ಚಿಟಿಕೆ ಉಪ್ಪು, ಸ್ವಲ್ಪ ದಾಲ್ಚಿನ್ನಿ. ಹೆಚ್ಚು ನಾದಬಾರದು, ನಾದಿದರೆ ಬಿಸ್ಕತ್ತು ಗಟ್ಟಿಯಾಗುತ್ತದೆ. ಹಿಟ್ಟನ್ನು ಒಂದು ಗಂಟೆ ಫ್ರಿಜ್‌ನಲ್ಲಿಟ್ಟು, 3 ಮಿ.ಮೀ. ದಪ್ಪಕ್ಕೆ ಲಟ್ಟಿಸಿ ಕತ್ತರಿಸಿ, 160ರಿಂದ 170 ಡಿಗ್ರಿಯಲ್ಲಿ 12-14 ನಿಮಿಷ ಬೇಯಿಸಿದರೆ ಸಾಕು. 12 ಗ್ರಾಂ ತೂಕದ ಬಿಲ್ಲೆಗಳಾದರೆ ಈ ಅಳತೆಗೆ ಸುಮಾರು 90 ಜೋಡಿ ಬರುತ್ತವೆ. ಜಾಮ್ 700 ಗ್ರಾಂ ಬೇಕು. ಓವನ್ ಇಲ್ಲದವರು ನೆರೆಯ ಬೇಕರಿಯವರೊಡನೆ ಮಾತಾಡಿ, ಅವರ ಕೆಲಸ ಮುಗಿದ ಮೇಲೆ ಬಾಡಿಗೆಗೆ ಬಳಸಬಹುದು.

ಜಾಮ್ ಊರಿನದೇ ಇರಲಿ

ಯೂರೋಪಿನಲ್ಲಿ ಇದಕ್ಕೆ ಕೆಂಪು ಕರಂಟ್ ಹಣ್ಣಿನ ಜಾಮ್ ವಾಡಿಕೆ. ನಮಗೆ ಅದು ಏಕೆ? ನಾಗಪುರದ ಕಿತ್ತಳೆಗೆ 2014ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅಂಬಿಯಾ ಬಹಾರ್ ಎಂಬ ಫಸಲು ಮಾರುಕಟ್ಟೆಗೆ ಬರುವುದೂ ಕ್ರಿಸ್‌ಮಸ್‌ಗೆ ಮುಂಚಿನ ತಿಂಗಳುಗಳಲ್ಲೇ. ಸಂತ್ರಾ ಬರ್ಫಿಗೆ ಹೆಸರಾದ ಊರಿನಲ್ಲಿ ಸಂತ್ರಾ ಜಾಮಿನ ಬಿಸ್ಕತ್ತಿಗೆ ಜಾಹೀರಾತೇ ಬೇಕಿಲ್ಲ. ಪ್ರವಾಸಿಗರೂ ಕಟ್ಟಿಸಿಕೊಂಡು ಹೋಗುತ್ತಾರೆ.

ಆದರೆ ಕಿತ್ತಳೆ ಜಾಮಿಗೆ ಜಾಗ್ರತೆ ಬೇಕು. ಬೀಜ ಮತ್ತು ತೊಳೆಯ ಸಿಪ್ಪೆಯಲ್ಲಿನ ಅಂಶದಿಂದ ರಸ ಕೆಲಹೊತ್ತಿನ ಬಳಿಕ ಕಹಿಯಾಗುತ್ತದೆ, ಕಾಯಿಸಿದರೆ ಇನ್ನೂ ಬೇಗ. ಬೀಜವನ್ನೂ ತೊಳೆಯ ಪೊರೆಯನ್ನೂ ಪೂರ್ತಿ ತೆಗೆಯಬೇಕು. ಹೊರಸಿಪ್ಪೆ ಹಾಕುವುದಾದರೆ ಎರಡು ಸಲ ಕುದಿಸಿ ನೀರು ಚೆಲ್ಲಿ ಹಾಕಬೇಕು. ಕಟ್ಟಿಕೊಳ್ಳಲು ನಿಂಬೆರಸ ಸೇರಿಸಬೇಕು. ಪಾಕ ಸಮುದ್ರ ಮಟ್ಟದಲ್ಲಿ 105 ಡಿಗ್ರಿಗೆ ಹದವಾಗುತ್ತದೆ. 300 ಮೀಟರ್ ಎತ್ತರದ ನಾಗಪುರದಲ್ಲಿ 104ಕ್ಕೇ ಇಳಿಸಬೇಕು, 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 102ಕ್ಕೆ. ಥರ್ಮಾಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಇನ್ನೊಂದು ಮಾತು. ಜಾಮಿನ ತೇವ ಬಿಸ್ಕತ್ತಿಗೆ ಇಳಿಯುತ್ತದೆ. ಎರಡು ಮೂರು ದಿನದಲ್ಲಿ ಅದು ಮೆತ್ತಗಾಗುತ್ತದೆ. ಆದ್ದರಿಂದ ಬಿಲ್ಲೆಗಳನ್ನು ಮುಂಚೆಯೇ ಬೇಯಿಸಿ ಗಾಳಿಯಾಡದ ಡಬ್ಬಿಯಲ್ಲಿಟ್ಟು, ಜಾಮನ್ನು ಮಾರುವ ದಿನ ಬೆಳಗ್ಗೆ ತುಂಬಿ. ಕಾರ್ಖಾನೆಯ ಡಬ್ಬಿಗೂ ನಮ್ಮ ತಿಂಡಿಗೂ ಇರುವ ವ್ಯತ್ಯಾಸ ಇದೇ ತಾಜಾತನ.

ಮೊಟ್ಟೆ ಮತ್ತು ಬೆಣ್ಣೆಯ ಪ್ರಶ್ನೆ

ನಮ್ಮಲ್ಲಿ ಬಹುಪಾಲು ಮಂದಿ ಶಾಕಾಹಾರಿ ಹೋಟೆಲಿನವರು. 'ಕ್ರಿಸ್‌ಮಸ್ ತಿಂಡಿಯೆಂದರೆ ಮೊಟ್ಟೆ, ನಮಗೆ ಬೇಡ' ಎನ್ನುವವರಿದ್ದಾರೆ. ಮೂಲದಲ್ಲಿ ಮೊಟ್ಟೆಯ ಹಳದಿ ಹಾಕುವ ಕ್ರಮವುಂಟು, ನಿಜ. ಆದರೆ ಮೇಲೆ ಕೊಟ್ಟ ಅಳತೆಯಲ್ಲಿ ಮೊಟ್ಟೆಯಿಲ್ಲ, ಬೆಣ್ಣೆಯೇ ಹಿಟ್ಟನ್ನು ಹಿಡಿದಿಡುತ್ತದೆ. ನೆನಪಿಡಬೇಕಾದದ್ದು ಬೇರೆ: ನಮ್ಮ ದೇಶದ ಲೇಬಲ್ ನಿಯಮದಲ್ಲಿ ಮೊಟ್ಟೆ ಇರುವ ಪದಾರ್ಥ ಮಾಂಸಾಹಾರಿ, ಅದಕ್ಕೆ ಕಂದು ತ್ರಿಕೋನದ ಗುರುತು. ಹೊರಗಿನ ಡಬ್ಬಿಯ ಮಾಲನ್ನು ಬಿಡಿಯಾಗಿ ಜಾಡಿಗೆ ಸುರಿದು ಮಾರುವಾಗ ಆ ಗುರುತು ಡಬ್ಬಿಯೊಂದಿಗೇ ಕಸದ ಬುಟ್ಟಿ ಸೇರುತ್ತದೆ. 'ಶುದ್ಧ ಶಾಕಾಹಾರಿ' ಎಂಬ ನಮ್ಮ ಬೋರ್ಡನ್ನು ನಂಬಿ ಬಂದ ಹಿರಿಯರು ಅರಿಯದೆ ಅದನ್ನು ತಿಂದರೆ ಹೊಣೆ ಯಾರದು? ವರ್ಷಗಟ್ಟಲೆ ಗಳಿಸಿದ ವಿಶ್ವಾಸವನ್ನು ಒಂದು ಬಿಸ್ಕತ್ತು ಕಳೆದೀತು. ನಾವೇ ಮಾಡಿದರೆ ಈ ಭಯವಿಲ್ಲ. ಗೋಧಿ, ಹಾಲು, ಬಾದಾಮಿ ಇರುವುದನ್ನೂ ಚೀಟಿಯಲ್ಲಿ ಬರೆಯಿರಿ. ಅಲರ್ಜಿ ಇರುವವರಿಗೆ ಅದು ಬಹಳ ಮುಖ್ಯ.

ಬೆಣ್ಣೆ ದುಬಾರಿ, ವನಸ್ಪತಿ ಅಗ್ಗ ಎಂಬ ವಾದವೂ ಕೇಳಿಬರುತ್ತದೆ. ಎಣ್ಣೆ-ಕೊಬ್ಬುಗಳಲ್ಲಿ ಕಾರ್ಖಾನೆಯ ಟ್ರಾನ್ಸ್ ಕೊಬ್ಬು ಶೇ. 2 ಮೀರಬಾರದೆಂಬ ನಿಯಮ 2022ರ ಜನವರಿಯಿಂದ ಇದೆ. ಕಾನೂನಿಗೆ ಒಪ್ಪುವ ವನಸ್ಪತಿಯೂ ಬಾಯಲ್ಲಿ ಮೇಣದಂತೆ ಅಂಟುತ್ತದೆ, ಬೆಣ್ಣೆ ಕರಗುತ್ತದೆ. ಮಾರ್ಗರಿನ್ ಹಾಕಿ 'ಬಟರ್ ಬಿಸ್ಕತ್ತು' ಎಂದು ಬರೆಯುವುದಂತೂ ಮೋಸವೇ ಸರಿ. ಬೆಣ್ಣೆ ಹಾಕಿ, ಅದರ ಬೆಲೆ ಕೇಳಿ. ಬಿಸ್ಕತ್ತು ಚಿಕ್ಕದು, ಗಿರಾಕಿ ಕೊಡುತ್ತಾನೆ. ತೆರಿಗೆಯಲ್ಲೂ ಹಿಂದಿನ ಹೊರೆ ತಗ್ಗಿದೆ: 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಕೇಕುಗಳ ಜಿ.ಎಸ್.ಟಿ. ಶೇ. 18ರಿಂದ 5ಕ್ಕೆ, ಬೆಣ್ಣೆ ಮತ್ತು ಜಾಮಿನದು ಶೇ. 12ರಿಂದ 5ಕ್ಕೆ ಇಳಿಯಿತು. ನಿಮ್ಮ ಬಿಲ್ಲಿಗೆ ಯಾವುದು ಅನ್ವಯವೆಂದು ಲೆಕ್ಕಪರಿಶೋಧಕರನ್ನು ಕೇಳಿಕೊಳ್ಳಿ.

ಕೊನೆಯದಾಗಿ, ಈ ಕಾಲದಲ್ಲಿ ಮನೆಯಲ್ಲೇ ಕೇಕು, ಕುಸ್ವಾರ್ ಮಾಡಿ ನಾಲ್ಕು ಕಾಸು ಕಾಣುವ ಹೆಣ್ಣುಮಕ್ಕಳಿದ್ದಾರೆ. ದರ ಇಳಿಸಿ ಅವರ ಹೊಟ್ಟೆಯ ಮೇಲೆ ಹೊಡೆಯುವುದು ನಮ್ಮ ಉದ್ದೇಶವಾಗಬಾರದು. ಅವರು ಮಾಡುವುದನ್ನು ಅವರ ಹೆಸರಿನಲ್ಲೇ ನಮ್ಮ ಕೌಂಟರಿನಲ್ಲಿಟ್ಟು ಮಾರಿಕೊಟ್ಟರೆ ಇಬ್ಬರಿಗೂ ಲಾಭ. ಅವರಿಗೆ ಆಹಾರ ಸುರಕ್ಷತೆಯ ನೋಂದಣಿ ಇದೆಯೇ ಎಂದು ಮಾತ್ರ ನೋಡಿಕೊಳ್ಳಿ.

ದೀಪಾವಳಿಗೆ ಸಿಹಿ, ಯುಗಾದಿಗೆ ಹೋಳಿಗೆ ಮಾರುವ ನಮಗೆ ಕ್ರಿಸ್‌ಮಸ್ ಹೊರಗಿನದಲ್ಲ. ಬಂದ ಊರಿನ ಹಬ್ಬವೆಲ್ಲ ಹೋಟೆಲಿಗನ ಹಬ್ಬವೇ. ಸದಸ್ಯ ಬಂಧುಗಳು ನವೆಂಬರಿನಲ್ಲೇ ಒಂದು ಟ್ರೇ ಮಾಡಿ ರುಚಿ ನೋಡಲಿ, ಕೆಲಸದವರಿಗೂ ತಿನ್ನಿಸಲಿ. ಅವರು ಎರಡನೆಯದನ್ನು ಕೇಳಿ ತೆಗೆದುಕೊಂಡರೆ ಡಿಸೆಂಬರಿನಲ್ಲಿ ಧೈರ್ಯವಾಗಿ ಕೌಂಟರಿಗೆ ಇಡಿ.