ಬೀಗ ಬದಲಿಸೋದು ಕಳ್ಳ ಬಂದ ಮೇಲಾ?

ಮೊನ್ನೆ ಕೋಲಾರದಲ್ಲಿ ಟೀ ಕುಡಿಯುತ್ತಾ ಸ್ನೇಹಿತನ ಹತ್ತಿರ ಕ್ವಾಂಟಂ ಕಂಪ್ಯೂಟರ್ ವಿಷಯ ತೆಗೆದೆ. "ಅಯ್ಯೋ ಬಿಡಪ್ಪಾ, ಅದು ಬೆಂಗಳೂರಿನವರ ತಲೆನೋವು. ನಮಗೆ ಮೊದಲು ನೀರು ಬರ್ಲಿ" ಅಂದ. ನೀರಿನ ಮಾತು ಒಪ್ಪಿದೆ. ತಲೆನೋವಿನ ಮಾತು ಮಾತ್ರ ಒಪ್ಪಲಾರೆ.

ಯಾಕೆ ಅಂತೀರಾ? ಮಾಲೂರು, ನರಸಾಪುರದ ಕಡೆ ಜಮೀನಿನ ಬೆಲೆ ಏನಾಗಿದೆ ಅಂತ ನಿಮಗೇ ಗೊತ್ತು. ಶ್ರೀನಿವಾಸಪುರದ ಮಾವಿನ ತೋಟವಿರಲಿ, ಮುಳಬಾಗಿಲಿನ ಎರಡೆಕರೆ ಟೊಮೇಟೊ ಹೊಲವಿರಲಿ, ಅದು ನಮ್ಮದು ಅನ್ನೋ ಸಾಕ್ಷಿ ಈಗ ಕಂಪ್ಯೂಟರಿನಲ್ಲಿದೆ. ಪಹಣಿ 'ಭೂಮಿ'ಯಲ್ಲಿ, ಕ್ರಯಪತ್ರ 'ಕಾವೇರಿ'ಯಲ್ಲಿ, ಹೆಬ್ಬೆಟ್ಟು ಆಧಾರ್‌ನಲ್ಲಿ. ಆಧಾರ್ ಮಾಹಿತಿ ಸಾಗಿಸುವಾಗ ಹಾಕುತ್ತಾ ಬಂದಿರುವ ಬೀಗ 2048 ಬಿಟ್‌ನ ಆರ್‌ಎಸ್‌ಎ.

ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸೋದು ಸುಲಭ, ಗುಣಲಬ್ಧದಿಂದ ಮತ್ತೆ ಆ ಎರಡನ್ನು ಹುಡುಕೋದು ಮಹಾ ಕಷ್ಟ. ಬೀಗದ ಗುಟ್ಟು ಇಷ್ಟೇ. ಕ್ವಾಂಟಂ ಯಂತ್ರಕ್ಕೆ ಅದು ಕಷ್ಟವಲ್ಲ ಅಂತ ಪೀಟರ್ ಶೋರ್ 1994ರಲ್ಲೇ ತೋರಿಸಿದರು. ಅಷ್ಟು ದೊಡ್ಡ ಯಂತ್ರ ಇನ್ನೂ ಬಂದಿಲ್ಲ, ನಿಜ. 2025ರಲ್ಲಿ ಬೆಂಗಳೂರಿನ ಕಂಪನಿಯೊಂದು ತೋರಿಸಿದ್ದು 25 ಕ್ಯೂಬಿಟ್‌ನದು. ಆದರೆ ಈ ಬೀಗ ಮುರಿಯಲು 2 ಕೋಟಿ ಕ್ಯೂಬಿಟ್ ಬೇಕು ಅಂತ 2019ರಲ್ಲಿ ಲೆಕ್ಕ ಹಾಕಿದ್ದ ಗೂಗಲ್‌ನ ಕ್ರೇಗ್ ಗಿಡ್ನಿ, 2025ರಲ್ಲಿ 10 ಲಕ್ಷಕ್ಕಿಂತ ಕಡಿಮೆ ಸಾಕು ಅಂದರು. ಆರೇ ವರ್ಷದಲ್ಲಿ!

"ಯಂತ್ರ ಬಂದಾಗ ನೋಡ್ಕೊಳ್ಳೋಣ" ಅನ್ನುವವರಿಗೆ ಒಂದು ಮಾತು. ಕಳ್ಳ ಇವತ್ತು ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋಗಿ, ಬೀಗ ಮುರಿಯೋ ಸಲಕರಣೆ ಸಿಗುವವರೆಗೂ ಕಾಯಬಹುದು. ಪಾಸ್‌ವರ್ಡ್ ಬದಲಿಸಬಹುದು ಸ್ವಾಮಿ, ಹೆಬ್ಬೆಟ್ಟು ಬದಲಿಸೋಕಾಗುತ್ತಾ? ಕ್ರಯಪತ್ರದ ಬೆರಳಚ್ಚು ನಕಲು ಮಾಡಿ ಬ್ಯಾಂಕ್ ಖಾತೆಯಿಂದ ದುಡ್ಡು ಎತ್ತಿದ ದೂರುಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ಬಂದವು. ಅದಕ್ಕೆ ಯಾವ ಕ್ವಾಂಟಮ್ಮೂ ಬೇಕಾಗಲಿಲ್ಲ.

ಪಹಣಿ ಗುಟ್ಟಿನ ಕಾಗದವಲ್ಲ, ಯಾರು ಬೇಕಾದರೂ ನೋಡಬಹುದು. ಅಲ್ಲಿ ಮುಖ್ಯವಾದದ್ದು ಡಿಜಿಟಲ್ ಸಹಿ. ಆ ಸಹಿಯನ್ನೇ ನಕಲು ಮಾಡುವಂತಾದರೆ ಯಾವ ಪಹಣಿ ಅಸಲಿ, ಯಾವುದು ನಕಲಿ ಅಂತ ಕೋರ್ಟು ಹೇಗೆ ಹೇಳುತ್ತೆ?

ಹೊಸ ಬೀಗಗಳು ಇಲ್ಲ ಅಂತೇನಿಲ್ಲ. ಅಮೆರಿಕದ ನಿಸ್ಟ್ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಮೂರು ಮಾನದಂಡ ಪ್ರಕಟಿಸಿತು. ಸಿಗ್ನಲ್ 2023ರಲ್ಲಿ, ಆಪಲ್‌ನ ಐಮೆಸೇಜ್ 2024ರಲ್ಲಿ ಹೊಸ ಬೀಗ ಹಾಕಿಕೊಂಡವು. ಬ್ರಿಟನ್ 2035ರ ಗಡುವು ಇಟ್ಟುಕೊಂಡಿದೆ. ಹರಟೆಗೇ ಹೊಸ ಬೀಗ ಬಂದಿರುವಾಗ ಜಮೀನಿಗೆ ಬೇಡವೇ?

ಕೇಂದ್ರ ಸರ್ಕಾರ 2023ರಲ್ಲಿ ಕ್ವಾಂಟಂ ಮಿಷನ್‌ಗೆ 6003 ಕೋಟಿ ರೂಪಾಯಿ ಒಪ್ಪಿತು. ಸಂತೋಷ. ನಾವು ಕೇಳಬೇಕಾದ್ದು ಮೂರೇ. ಯಾವ ಇಲಾಖೆಯಲ್ಲಿ ಯಾವ ಬೀಗ ಇದೆ ಅಂತ ಪಟ್ಟಿ ಮಾಡಿ. ಹೊಸ ಟೆಂಡರ್ ಕರೆಯುವಾಗ ಹೊಸ ಬೀಗದ ಷರತ್ತು ಹಾಕಿ. ಹೆಬ್ಬೆಟ್ಟು, ಜಮೀನಿನಂಥ ಆಯುಷ್ಯ ಜಾಸ್ತಿ ಇರುವ ದಾಖಲೆಗಳಿಂದಲೇ ಶುರು ಮಾಡಿ.

ಕೆರೆ ಹೂಳು ತೆಗೆಯೋ ಕಾಲದಲ್ಲಿ ಸುಮ್ಮನಿದ್ದು, ಆಮೇಲೆ ಸಾವಿರಾರು ಅಡಿ ಬೋರು ಕೊರೆಸಿದವರು ನಾವು. ಇದರಲ್ಲೂ ಹಾಗೇ ಮಾಡೋದಾ? ಏನಂತೀರಿ?