ಎಣ್ಣೆಯ ಕಣಜಕ್ಕೊಬ್ಬ ಕಾವಲುಗಾರ

ಹುರಿದ ಕಡಲೆಕಾಯಿ ಬೀಜವೊಂದನ್ನು ಕಾಗದದ ಮೇಲಿಟ್ಟು ಅರೆದರೆ ಎಣ್ಣೆಯ ಕಲೆ ಮೂಡುತ್ತದೆ. ಬೀಜದ ತೂಕದಲ್ಲಿ ಸುಮಾರು ಅರ್ಧದಷ್ಟು ಎಣ್ಣೆಯೇ. ಗಿಡ ಅದನ್ನು ಕೂಡಿಟ್ಟದ್ದು ಅಡಿಗೆಮನೆಯ ಒಗ್ಗರಣೆಗಾಗಿ ಅಲ್ಲ. ಮಣ್ಣಿನ ಕತ್ತಲೆಯಲ್ಲಿ ಕಣ್ದೆರೆಯುವ ಮೊಳಕೆ, ಎಲೆ ಬಿಚ್ಚಿ ಬಿಸಿಲನ್ನು ಕಾಣುವವರೆಗೆ ಉಣ್ಣಬೇಕಾದ ಬುತ್ತಿ ಅದು. ಒಂದು ಗ್ರಾಂ ಸಕ್ಕರೆ ಸುಮಾರು 4 ಕಿಲೋಕ್ಯಾಲೊರಿ ಶಕ್ತಿಯನ್ನು ಕೊಟ್ಟರೆ, ಒಂದು ಗ್ರಾಂ ಎಣ್ಣೆ 9 ಕೊಡುತ್ತದೆ. ಚಿಕ್ಕ ಗಂಟಿನಲ್ಲಿ ದೊಡ್ಡ ಊಟ!

ಆದರೆ ಈ ಬುತ್ತಿ ಬಲು ದುಬಾರಿಯಾದುದು. ಎಲೆಗಳು ಬಿಸಿಲಿನಲ್ಲಿ ದುಡಿದು ಕಳುಹಿಸಿದ ಸಕ್ಕರೆಯೇ ಅದರ ಮೂಲಧನ. ಬೆಳವಣಿಗೆ, ಉಸಿರಾಟ ಮೊದಲಾದ ನಿತ್ಯದ ಖರ್ಚೂ ಅದರಿಂದಲೇ ಸಾಗಬೇಕು. ಸಂಬಳ ಕೈಸೇರಿದ ದಿನ ಇಂದಿಗೆಷ್ಟು, ನಾಳೆಗೆಷ್ಟು ಎಂದು ಗೃಹಿಣಿ ಲೆಕ್ಕ ಹಾಕುತ್ತಾಳೆ. ಮಿದುಳಿಲ್ಲದ ಬೀಜ ಲೆಕ್ಕ ಹಾಕುವ ಬಗೆ ಹೇಗೆ?

ಇದಕ್ಕೆ ಉತ್ತರದ ಎಳೆ ಸಿಕ್ಕಿದ್ದು ಸಾಸಿವೆಯ ಬಳಗದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಕಳೆಗಿಡದಲ್ಲಿ. ನಿಕೋಲ್ ಫಾಕ್ಸ್ ಮತ್ತು ಕ್ರಿಸ್ಟಾಫ್ ಬೆನಿಂಗ್ ಎಂಬ ವಿಜ್ಞಾನಿಗಳು 1998ರಲ್ಲಿ ಅದರ ಮಾರ್ಪಟ್ಟ ತಳಿಯೊಂದನ್ನು ವರ್ಣಿಸಿದರು. ಅದರ ಬೀಜಗಳಲ್ಲಿ ಎಣ್ಣೆ ಶೇಕಡಾ 80ರಷ್ಟು ಕಡಿಮೆ. ತುಂಬದ ಚೀಲದಂತೆ ಬೀಜ ಸುಕ್ಕುಗಟ್ಟಿತ್ತು. ಕೆಟ್ಟಿದ್ದ ಜೀನಿಗೆ 'ರಿಂಕಲ್ಡ್-1' ಎಂದು ಹೆಸರಾಯಿತು. ರಿಂಕಲ್ಡ್ ಎಂದರೆ ಸುಕ್ಕಾದದ್ದು. ಆ ಜೀನಿನಿಂದ ಹುಟ್ಟುವ ಪ್ರೋಟೀನು ಒಬ್ಬ ಮೇಸ್ತ್ರಿಯಿದ್ದಂತೆ. ಸಕ್ಕರೆಯನ್ನು ಎಣ್ಣೆಯಾಗಿಸುವ ಕಿಣ್ವಗಳನ್ನು ಕೆಲಸಕ್ಕೆ ಹಚ್ಚುವುದು ಅದೇ.

ಮೇಸ್ತ್ರಿಯ ಮೇಲೊಬ್ಬ ಕಾವಲುಗಾರನುಂಟು. ಅದು ಕಿನ್-10 ಎಂಬ ಕಿಣ್ವ. ಸಕ್ಕರೆಗೆ ಬರ ಬಂದಾಗ ಅದು ಮೇಸ್ತ್ರಿಯ ಮೈಮೇಲೆ ಫಾಸ್ಫೇಟಿನ ಮುದ್ರೆಯೊತ್ತುತ್ತದೆ. ಮುದ್ರೆ ಬಿದ್ದ ಪ್ರೋಟೀನನ್ನು ಜೀವಕೋಶ ಒಡೆದುಹಾಕುತ್ತದೆ. ಎಣ್ಣೆಯ ತಯಾರಿಕೆ ಕುಗ್ಗುತ್ತದೆ. ಸಕ್ಕರೆ ಸಮೃದ್ಧವಾದಾಗ ಟ್ರೆಹಲೋಸ್-6-ಫಾಸ್ಫೇಟ್ ಎಂಬ ಅಣು ಹೆಚ್ಚಿ, ಕಾವಲುಗಾರನಿಗೆ ಅಂಟಿಕೊಂಡು ಅವನ ಕೈ ಕಟ್ಟುತ್ತದೆ. ಮೇಸ್ತ್ರಿ ಬದುಕುತ್ತಾನೆ, ಕಣಜ ತುಂಬುತ್ತದೆ. ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದ ಜಾನ್ ಶಾಂಕ್ಲಿನ್ ಮತ್ತು ಸಂಗಡಿಗರು 2017 ಹಾಗೂ 2018ರಲ್ಲಿ ಈ ಗುಟ್ಟನ್ನು ಬಿಡಿಸಿಟ್ಟರು.

ಖಾದ್ಯತೈಲದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರದೇಶಗಳಿಂದ ತರಿಸುವ ಭಾರತಕ್ಕೆ ಈ ವಿದ್ಯೆ ಆಸೆ ಹುಟ್ಟಿಸುವಂಥದು. ಕಾವಲುಗಾರನನ್ನೇ ಓಡಿಸಿಬಿಟ್ಟರೆ ಎಣ್ಣೆಯ ಹೊಳೆ ಹರಿಯದೆ? ಅದು ಅಷ್ಟು ಸುಲಭವಲ್ಲ. ಹಸಿವಿನ ದಿನಗಳಲ್ಲಿ ದುಂದು ಖರ್ಚನ್ನು ತಡೆದು ಗಿಡವನ್ನು ಉಳಿಸುವವನೂ ಅವನೇ. ಕಾವಲುಗಾರ ಹಾಗೂ ಅವನ ಸೋದರ ಕಿಣ್ವ ಎರಡನ್ನೂ ಅಡಗಿಸಿದ ಗಿಡಗಳು ನೆಟ್ಟಗೆ ಬೆಳೆಯಲಾರದೆ ಸೊರಗಿದವು. ಆದುದರಿಂದ ಬೀಜ ತುಂಬುವ ವೇಳೆಗಷ್ಟೇ, ಬೀಜದಲ್ಲಷ್ಟೇ ಅವನ ಹಿಡಿತವನ್ನು ಸಡಿಲಿಸುವುದು ಜಾಣತನ.

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಮಾತನ್ನು ಮನುಷ್ಯ ಕಂಡುಕೊಳ್ಳುವ ಎಷ್ಟೋ ಮೊದಲೇ ಸಾಸಿವೆಯ ಬಳಗ ಅದನ್ನು ಪಾಲಿಸುತ್ತಿತ್ತು.